ಸೋಮವಾರದ ಹಿಡಿಯಕ್ಕಿ

ಹೊಳೆನರಸೀಪುರ
ಧಾತು ಸಂವತ್ಸರದ ಫಾಲ್ಗುಣ ಶುದ್ಧ ಷಷ್ಠಿ, ಗುರುವಾರ
ಮಾರ್ಚಿ ೧೮, ೧೯೩೭

ಅರಕಲಗೂಡಿನ ನೀಲಗಂಗಮ್ಮನವರ ಪಾದಗಳಿಗೆ, ಹೊಳೆನರಸೀಪುರದ ಉಚಿತ ವಿದ್ಯಾರ್ಥಿ ನಿಲಯದ ಸ್ವಯಂಘೋಷಿತ ದಿವಾನ್ ಬಹದ್ದೂರ್ ಪಾಲಾಕ್ಷನು ಹಣೆ ಮುಟ್ಟಿಸಿ ಮಾಡುವ ಶರಣು.

ಉಭಯಕುಶಲೋಪರಿ ಎಂದು ಬರೆಯಲು ಹೊರಟೆ. ಲೇಖನಿ ‘ಉ’ ಎಂದು ಬರೆದು ಅಲ್ಲೇ ನಿಂತುಬಿಟ್ಟಿತು. ಮೊದಲ ಸಾಲಿನಲ್ಲೇ ಸುಳ್ಳು ಬರೆದರೆ ಮುಂದಿನದನ್ನು ಯಾರು ನಂಬುತ್ತಾರೆ? ಆದ್ದರಿಂದ ಕುಶಲದ ವಿಷಯವನ್ನು ಮುಂದಿನ ಸಭೆಗೆ ಮುಂದೂಡಲಾಗಿದೆ.

ಕಾಗದದಲ್ಲಿ ಹಿರಿಯರನ್ನು ‘ನೀವು’ ಎನ್ನಬೇಕೆಂದು ನಮ್ಮ ಪಂಡಿತರು ಕಿವಿ ಹಿಂಡಿ ಕಲಿಸಿದ್ದಾರೆ. ಆದರೆ ನಿನ್ನ ಮಗ ಗೌರೀಶಂಕರ ನಿನ್ನನ್ನು ‘ಅವ್ವ, ನೀನು’ ಅನ್ನುತ್ತಿದ್ದ. ರಜಕ್ಕೆ ಅವನ ಬೆನ್ನು ಹತ್ತಿ ಬಂದು ನಿನ್ನ ಮನೆಯಲ್ಲಿ ಉಂಡು ಹೋಗುತ್ತಿದ್ದ ನಾನೂ ಹಾಗೇ ಅನ್ನುತ್ತಿದ್ದೆ. ಅವನು ಹೋದನೆಂದು ನಾನು ಇದ್ದಕ್ಕಿದ್ದಂತೆ ಮರ್ಯಾದಸ್ಥನಾಗಿಬಿಟ್ಟರೆ, ಎಲ್ಲಿದ್ದರೂ ಅವನಿಗೆ ನಗು ಬಂದೀತು.

ಅವನ ಟ್ರಂಕನ್ನು ತಂದುಕೊಟ್ಟ ದಿನ ನೀನು ನನಗೆ ಒಂದು ಅಪ್ಪಣೆ ಕೊಟ್ಟೆ. “ಅಳಾ ಕಾಗ್ದ ಬರೀಬ್ಯಾಡ ಕಣಪ್ಪ. ಅಳಾದು ನಂಗೇ ಬತ್ತದೆ. ನೀವಿಬ್ರೂ ಜಗಲಿ ಮ್ಯಾಲೆ ಕೂತ್ಕಂಡು ಆಡ್ತಿದ್ರಲ್ಲ, ಅಂಗೆ ಬರಿ” ಅಂದೆ. ಈ ಕಾಗದದಲ್ಲಿ ಎಲ್ಲಿಯಾದರೂ ನಾನು ಹಲ್ಲು ಕಿರಿದಿದ್ದರೆ ಅದು ಆ ಅಪ್ಪಣೆಯ ಪ್ರಕಾರ ಕಿರಿದದ್ದು. ಇದನ್ನು ನಿನಗೆ ಓದಿ ಹೇಳುತ್ತಿರುವ ನಿಮ್ಮ ಪಕ್ಕದ ಮನೆಯ ಷಡಕ್ಷರಿ ಮೇಷ್ಟರು ಹುಬ್ಬು ಗಂಟಿಕ್ಕದೆ ಓದಬೇಕಾಗಿ ಪ್ರಾರ್ಥನೆ.

ಈಗ ವಿಷಯ. ಪರೀಕ್ಷೆ ಬಾಗಿಲಿಗೆ ಬಂದಿದೆ. ಪ್ಲೇಗಿನಲ್ಲಿ ಮುಚ್ಚಿದ ನಮ್ಮ ನಿಲಯ ಅಷ್ಟರೊಳಗೆ ತೆರೆಯದಿದ್ದರೆ ಇನ್ನು ತೆರೆಯುವುದೇ ಇಲ್ಲ. ನಾನು ನುಗ್ಗೇಹಳ್ಳಿಗೆ ಹೋಗಿ ನಮ್ಮ ಚಿಕ್ಕಪ್ಪನ ಕೈಕೆಳಗೆ ತೆಂಗಿನಕಾಯಿ ಸುಲಿಯುವ ಪದವಿಯನ್ನು ಸ್ವೀಕರಿಸಬೇಕು, ಉಳಿದ ಹುಡುಗರು ದನದ ಹಿಂದೆ. ನಿಲಯ ತೆರೆಯುವುದಕ್ಕೆ ಬೇಕಾದ್ದೆಲ್ಲ ಹೇಗೋ ಕೂಡಿಬಂತು, ಒಂದನ್ನು ಬಿಟ್ಟು. ಆ ಒಂದನ್ನು ಕೇಳುವುದಕ್ಕೇ ಈ ಕಾಗದ. ಆದರೆ ಕೇಳುವ ಧೈರ್ಯ ಇನ್ನೂ ಬಂದಿಲ್ಲ. ಬರುವ ತನಕ ನಡೆದದ್ದನ್ನು ಹೇಳುತ್ತೇನೆ.

ನಮ್ಮ ನಿಲಯಕ್ಕೆ ಜಮೀನಿಲ್ಲ, ಬಡ್ಡಿಯ ಹಣವಿಲ್ಲ. ಅದು ನಿಂತದ್ದು ಕುಡಿಕೆಗಳ ಮೇಲೆ. ಊರಿನ ಮನೆಮನೆಯ ಒಲೆಯ ಪಕ್ಕದಲ್ಲಿ ನಿಲಯದ್ದೊಂದು ಮಣ್ಣಿನ ಕುಡಿಕೆ. ಅಡಿಗೆಗೆ ಕೂತ ಹೆಂಗಸು ಅಕ್ಕಿಯೋ ರಾಗಿಯೋ, ಮೊದಲ ಹಿಡಿಯನ್ನು ಅದಕ್ಕೆ ಹಾಕಿ ಆಮೇಲೆ ಮನೆಯವರಿಗೆ ಅಳೆಯುತ್ತಾಳೆ. ಸೋಮವಾರ ನಾವು ಚೀಲ ಹಿಡಿದು ಹೋಗಿ ಕುಡಿಕೆ ಬರಿದು ಮಾಡಿಕೊಂಡು ಬರುತ್ತೇವೆ. ಇದರ ಮುಖ್ಯಾಧಿಕಾರಿ ನಿನ್ನ ಮಗ. ಯಾವ ಮನೆಯ ಸೊಸೆ ಬಾಣಂತನಕ್ಕೆ ಹೋಗಿದ್ದಾಳೆ, ಯಾವ ಮನೆಯಲ್ಲಿ ಅತ್ತೆ ನೋಡದಾಗ ಸೊಸೆ ಎರಡು ಹಿಡಿ ಹಾಕುತ್ತಾಳೆ, ಎಲ್ಲ ಅವನಿಗೆ ಗೊತ್ತು. ಅವನ ಹಿಂದೆ ನಾನು, ತಮಟೆಯ ಬದಲು ಬಾಯಿ ಬಡಿಯುತ್ತ: “ಶ್ರೀಮನ್ಮಹಾರಾಜ ರಾಗೀಶ್ವರರ ಸವಾರಿ ಬರ್ತಾ ಇದೆ, ಕುಡಿಕೆ ಈಚೆಗೆ ಬರಲಿ!” ಹೆಂಗಸರು ಬೈಯುತ್ತ ನಗುತ್ತಿದ್ದರು. ಹೋದ ದಸರೆಗೆ ಗೌರಿ ಒಂದು ಕುಡಿಕೆಯನ್ನು ಅರಕಲಗೂಡಿಗೂ ತಂದನಲ್ಲ, “ಇದು ನಮ್ಮ ಬ್ರಾಂಚ್ ಆಫೀಸು” ಅಂತ? ಅದು ನಾನು ಕಲಿಸಿಕೊಟ್ಟ ಮಾತು.

ಕಾರ್ತಿಕ ಕಳೆಯುತ್ತಿದ್ದ ಹಾಗೆ ಇಲಿ ಬಿತ್ತು. ಊರಿನಲ್ಲಿ ಮೊದಲು ಬಿದ್ದದ್ದು ನಮ್ಮ ಅಡಿಗೆಮನೆಯಲ್ಲೇ. ಬೀಳದೆ ಏನು? ಊರಿನ ಧಾನ್ಯವೆಲ್ಲ ಹಿಡಿಹಿಡಿಯಾಗಿ ಬಂದು ಗುಡ್ಡೆಯಾಗುವ ಜಾಗ ಅದೇ ತಾನೆ. ನಮ್ಮ ಅಡಿಗೆಯ ರುದ್ರಯ್ಯ ಒಲೆಯ ಹಿಂದಿನಿಂದ ಬಾಲ ಹಿಡಿದು ಒಂದನ್ನು ಎತ್ತಿದವನು, ಅದನ್ನು ಬಿಸಾಕುವುದನ್ನೂ ಮರೆತು ಕೈಯಲ್ಲಿ ಹಿಡಿದುಕೊಂಡೇ ಬೀದಿಗೆ ಓಡಿದ. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು.

ಊರು ಬರಿದಾಯಿತು. ಹೊಳೆಯಾಚೆಯ ದಿಣ್ಣೆಯ ಮೇಲೆ ತಡಿಕೆಯ ಗುಡ್ಲುಗಳು ಎದ್ದವು. ನಿಲಯಕ್ಕೂ ಒಂದು ಗುಡ್ಲು. ಅದರ ಬಾಗಿಲಿಗೆ ನಾನು ಇದ್ದಿಲಿನಲ್ಲಿ ‘ಬೇಸಿಗೆ ಅರಮನೆ’ ಎಂದು ಬರೆದೆ. ಗೌರಿ ಅಳಿಸಿದ. “ಪಕ್ಕದ ಗುಡ್ಲಲ್ಲಿ ಹೆಣ ಐತೆ ಕಣ್ಲಾ” ಅಂದ. ಅವನು ನನ್ನ ತಮಾಷೆಯನ್ನು ಅಳಿಸಿದ್ದು ಅದೊಂದೇ ಸಲ.

ಅಂಥಾ ದಿನಗಳಲ್ಲೂ ಸೋಮವಾರ ಬಂದರೆ ಚೀಲ ಹೆಗಲಿಗೆ ಹಾಕಿಕೊಂಡು ಗುಡ್ಲಿನಿಂದ ಗುಡ್ಲಿಗೆ ಹೋಗುತ್ತಿದ್ದ. ಮನೆಯಿದ್ದ ಹುಡುಗರೆಲ್ಲ ಊರು ಸೇರಿದ್ದರು. ತಂದೆತಾಯಿ ಇಲ್ಲದವರು, ಇದ್ದೂ ಕರೆಸಿಕೊಳ್ಳಲಾಗದವರು ಅಲ್ಲೇ ಉಳಿದಿದ್ದರು, ಅವರು ಉಣ್ಣಬೇಕಲ್ಲ. ನೀನು ‘ಬಂದ್ಬುಡು ಮಗ’ ಎಂದು ಮೇಷ್ಟರ ಕೈಯಲ್ಲಿ ಬರೆಸಿದ ಕಾಗದ ಅವನ ಅಂಗಿಯ ಜೇಬಿನಲ್ಲೇ ಇತ್ತು. ನನಗೆ ಓದಿ ತೋರಿಸಿದ. “ಇವರ್ನ ಯಾರಿಗೆ ಒಪ್ಸಿ ಓಗ್ಲಿ?” ಎಂದು ಕೇಳಿದ. ನನ್ನ ಬಾಯಿಗೂ ಬೀಗ ಬೀಳುತ್ತದೆಂದು ಆಗ ಗೊತ್ತಾಯಿತು.

ಹೀಗಿರುವಾಗ ದಿಣ್ಣೆಯ ಮೇಲೆ ಒಂದು ಮಾತು ಹುಟ್ಟಿತು. ಇಲಿ ಮೊದಲು ಬಿದ್ದದ್ದು ನಿಲಯದಲ್ಲಿ, ನಿಲಯದ ಚೀಲ ಮನೆಮನೆಗೆ ಹೋಗಿದೆ, ಆದ್ದರಿಂದ ಮಾರಿ ಹೋದದ್ದೂ ಆ ಚೀಲದಲ್ಲೇ ಅಂತ. ಒಬ್ಬಾಕೆ ಗೌರಿಯನ್ನು ದೂರದಲ್ಲೇ ನಿಲ್ಲಿಸಿ, “ಅಲ್ಲೇ ನಿಂತ್ಕಳಪ್ಪ, ನಿನ್ ಕೈ ಮುಗೀತೀನಿ” ಅಂದಳು. ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಆಕೆ ನಿಜವಾಗಿಯೂ ಕೈ ಮುಗಿದಳು ಅವ್ವ. ಅವನು ಬರಿಚೀಲ ಮಡಿಸಿಕೊಂಡು ಬಂದು ಮೂಲೆಯಲ್ಲಿ ಕೂತ.

ಹಾಸನದಿಂದ ಡಾಕ್ಟರು ಬಂದು ನಮಗೆಲ್ಲ ಸೂಜಿ ಹಾಕುವ ಹೊತ್ತಿಗೆ ಅವನ ಮೈ ಕಾಯುತ್ತಿತ್ತು. ಕಂಕುಳಲ್ಲಿ ಗೆಡ್ಡೆ ಎದ್ದಿತ್ತು. ಪ್ಲೇಗಿನ ಊರೆಂದು ಮೋಟಾರು ನಿಂತಿತ್ತು. ನಿನಗೆ ಸುದ್ದಿ ಮುಟ್ಟುವುದರೊಳಗೆ ಮಣ್ಣು ಮುಗಿದಿತ್ತು. ಇದೆಲ್ಲ ನಿನಗೆ ಗೊತ್ತು. ‘ಕಡೇಗೆ ಏನಂದ?’ ಎಂದು ನೀನು ಕೇಳಿದ್ದಕ್ಕೆ ‘ಶಿವಾ ಅಂದ’ ಎಂದು ನಾನು ಹೇಳಿದ್ದೆ. ಅಂದದ್ದು ನಿಜ. ಅದಕ್ಕೆ ಮುಂಚೆ ಇನ್ನೊಂದು ಮಾತು ಆಡಿದ್ದ. ಅದನ್ನು ನಿನ್ನ ಮುಖ ನೋಡಿಕೊಂಡು ಹೇಳಲಾಗಲಿಲ್ಲ. ಕಾಗದಕ್ಕೆ ಮುಖವಿಲ್ಲವಾದ್ದರಿಂದ ಹೇಳುತ್ತೇನೆ. “ಸೋಮವಾರ ಯಾರ್ ಓಗ್ತೀರ್ಲಾ?” ಎಂದು ಕೇಳಿದ. ನಾನು ಹೋಗುತ್ತೇನೆ ಅಂದೆ. “ನೀನ್ ಓದ್ರೆ ಬರೀ ನಗಸ್ಬುಟ್ಟು ಬತ್ತೀಯ” ಅಂದ.

ಸಂಕ್ರಾಂತಿ ಕಳೆದು ಎಷ್ಟೋ ದಿನದ ಮೇಲೆ ಊರು ಒಳಕ್ಕೆ ಬಂತು. ಮಾರಿ ಹೊಕ್ಕ ಮನೆಗೆ ಮತ್ತೆ ಒಕ್ಕಲು ಹೋಗುವಾಗ ಗೋಡೆಗೆ ಸುಣ್ಣ ಬಳಿಯಬೇಕು, ಹಳೆಯ ಮಡಕೆಕುಡಿಕೆಗಳನ್ನೆಲ್ಲ ಹೊರಗೆ ಹಾಕಿ ಒಡೆಯಬೇಕು. ಅದು ಪದ್ಧತಿ, ನಿನಗೆ ಗೊತ್ತಿದ್ದದ್ದೇ. ಹೊಳೆಯ ದಾರಿಯ ಹಳ್ಳದ ತುಂಬ ಬೋಕಿಬಿಲ್ಲೆ. ನಾನು ಹೋಗಿ ನಿಂತು ನೋಡಿದೆ. ನಮ್ಮ ಕುಡಿಕೆಗಳ ಕತ್ತಿಗೆ ಗೌರಿ ಕೆಮ್ಮಣ್ಣಿನ ಗೆರೆ ಎಳೆದಿದ್ದನಲ್ಲ. ಆ ಕೆಂಪು ಗೆರೆಯ ಚೂರುಗಳೇ ಎಲ್ಲೆಲ್ಲೂ.

ನಿಲಯದ ಸಭೆ ಸೇರಿತು. ಸೇರಿತು ಎನ್ನುವುದು ಬರವಣಿಗೆಯ ಮಾತು. ಚಾಪೆ ಮೊದಲಿನಷ್ಟೇ ದೊಡ್ಡದು ಹಾಸಿದ್ದೆವು. ಕೂತವರು ಅದರ ಒಂದು ಮೂಲೆಗೆ ಸಾಕಾದರು. ನಮ್ಮ ಅಧ್ಯಕ್ಷರು ಪಂಚಾಕ್ಷರಯ್ಯನವರು, ಜವಳಿ ಅಂಗಡಿಯವರು, ಕೆಟ್ಟವರಲ್ಲ. ಅವರ ಮನೆಯಲ್ಲಿ ಬಸುರಿ ಸೊಸೆ ಪ್ಲೇಗಿನಲ್ಲಿ ತೀರಿಹೋಗಿದ್ದಾಳೆ. “ಪಾಲಾಕ್ಷ, ಊರು ಮೊದಲು ತನ್ನ ಒಲೆ ಹಚ್ಕೊಳ್ಳಲಪ್ಪ. ನಿಲಯದ ಮಾತು ಆಮೇಲೆ. ಯಾವ ಮುಖ ಇಟ್ಕೊಂಡು ಯಾರ ಮನೆ ಮುಂದೆ ಚೀಲ ಹಿಡೀತೀಯ?” ಅಂದರು. “ನನ್ನ ಮುಖ ಹ್ಯಾಗೂ ಮೊದಲಿಂದಲೂ ಚೆನ್ನಾಗಿಲ್ಲ, ಅದನ್ನೇ ಇಟ್ಕೊಂಡು ಹೋಗ್ತೀನಿ” ಅಂದೆ. ಯಾರೂ ನಗಲಿಲ್ಲ. ‘ಬೇಡ’ ಎಂದೂ ಅನ್ನಲಿಲ್ಲ. ಅದನ್ನೇ ನಾನು ಸರ್ವಾನುಮತದ ನಿರ್ಣಯವೆಂದು ತಿಳಿದುಕೊಂಡೆ.

ಕುಂಬಾರ ದ್ಯಾವಯ್ಯನ ಹತ್ತಿರ ಹೋದೆ. ಇಡೀ ಊರು ಹೊಸ ಮಡಕೆ ಕೊಳ್ಳುತ್ತಿದ್ದ ಕಾಲ. ಮಡಕೆ ಸುಡುವ ಅವನ ಆವಿಗೆ ಆರಿದ್ದೇ ಇಲ್ಲ. ಅವನಿಗೆ ಅದೇ ನಾಚಿಕೆ. “ಊರ್ ಸತ್ತಾಗ ನನ್ ತಿಗರಿ ತಿರುಗ್ತದೆ ನೋಡ್ ಸಾ, ಇದೂ ಒಂದ್ ಬಾಳಾ? ತಗಂಡೋಗ್ರಿ” ಎಂದು ನಮ್ಮ ಕುಡಿಕೆಗಳನ್ನು ಪುಕ್ಕಟೆ ಕೊಟ್ಟ. ಕತ್ತಿಗೆ ಕೆಮ್ಮಣ್ಣಿನ ಗೆರೆ ನಾನು ಎಳೆದೆ. ಗೌರಿಯ ಗೆರೆಯಷ್ಟು ನೆಟ್ಟಗೆ ಬರಲಿಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ನನ್ನ ತಲೆಗೆ ಒಂದು ಯೋಚನೆ ಬಂತು. ಜನಕ್ಕೆ ಕುಡಿಕೆಯ ಭಯ. ಭಯ ಹೋಗಬೇಕಾದರೆ ನಗಬೇಕು. ಸರಿ, ಸಂತೆಯ ದಿನ ಅರಳಿಕಟ್ಟೆಯ ಮೇಲೆ ಕುಡಿಕೆಗಳನ್ನು ಸಾಲಾಗಿ ಇಟ್ಟೆ. ಯಾರದೋ ಹಳೆಯ ಹ್ಯಾಟು ತಲೆಗೆ, ಸೈಕಲ್ ಪಂಪು ಕೈಗೆ. ಒಂದೊಂದು ಕುಡಿಕೆಗೂ ಪಂಪಿನ ಮೂತಿ ಒತ್ತಿ, “ಉಸಿರು ಬಿಗಿ ಹಿಡಿ! ನೋವಾಗೋದಿಲ್ಲ! ಮುಂದಿನೋರು ಬರ್ರಿ!” ಎಂದು ಗಂಭೀರವಾಗಿ ಸೂಜಿ ಹಾಕಿದೆ. ಒಂದು ಕುಡಿಕೆ ಹೆದರಿ ಅತ್ತ ಹಾಗೆ ನಟಿಸಿ ಅದಕ್ಕೆ ಬೆಲ್ಲದ ಚೂರು ತಿನ್ನಿಸಿದೆ. ಗಂಡಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಪ್ಲೇಗು ಬಂದ ಮೇಲೆ ಈ ಊರು ನಕ್ಕದ್ದು ಅದೇ ಮೊದಲು. ಅವತ್ತು ಬಹಳ ಮನೆಗೆ ಕುಡಿಕೆ ಹೋಯಿತು. ಗೌರಿ, ನೋಡ್ಲಾ, ಎಂದು ಮನಸ್ಸಿನಲ್ಲೇ ಹೇಳಿದೆ.

ನಾನು ಮರೆತದ್ದು ಒಂದೇ. ಸಂತೆಯಲ್ಲಿ ನಕ್ಕವರು ಗಂಡಸರು; ಕುಡಿಕೆಗೆ ಹಿಡಿ ಹಾಕುವವರು ಹೆಂಗಸರು. ಸೂಜಿ ಹಾಕಿಸಿಕೊಂಡ ರಾತ್ರಿ ಮೈ ಬೆಂಕಿಯಾದದ್ದನ್ನು, ತೋಳು ಬಾತದ್ದನ್ನು, ಹಾಕಿಸಿಕೊಂಡ ಮೇಲೂ ಮಕ್ಕಳು ಹೋದದ್ದನ್ನು ಕಂಡವರು ಅವರು. ಅವರ ಲೆಕ್ಕದಲ್ಲಿ ಸೂಜಿಯೊಳಗೆ ಇರುವುದೇ ಮಾರಿ. ‘ಸೂಜಿ ಹಾಕಿದ ಕುಡಿಕೆ’ ಒಲೆಯ ಪಕ್ಕಕ್ಕೆ ಬಂದರೆ ಬಿಡುತ್ತಾರೆಯೆ? ಮಾರನೆಯ ಬೆಳಿಗ್ಗೆ ಎದ್ದು ನೋಡಿದರೆ ನಿಲಯದ ಜಗಲಿಯ ಮೇಲೆ ಕುಡಿಕೆಗಳು ವಾಪಸು ಬಂದು ಕೂತಿದ್ದವು. ಎಲ್ಲವೂ ಬೋರಲು. ಒಡೆದಿದ್ದರೆ ಸಿಟ್ಟೆಂದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಒಬ್ಬಳೂ ಒಡೆದಿರಲಿಲ್ಲ. ಮೆಲ್ಲಗೆ ತಂದು, ಬೋರಲು ಹಾಕಿ, ಹೋಗಿದ್ದರು.

‘ಬರೀ ನಗಸ್ಬುಟ್ಟು ಬತ್ತೀಯ’ ಎಂದಿದ್ದನಲ್ಲ. ಹಾಗೇ ಆಯಿತು. ಪಂಚಾಕ್ಷರಯ್ಯನವರು ಬಂದು ನೋಡಿದರು, ಬೈಯಲಿಲ್ಲ, ಶಲ್ಯದಿಂದ ಮುಖ ಒರೆಸಿಕೊಂಡು ಹೋದರು. ನಾನು ನನ್ನ ಹಾಸಿಗೆ ಸುತ್ತಿದೆ.

ಮಾರನೆಯ ದಿನ ಹಾಸಿಗೆ ಹೊತ್ತು ಹೊರಡುವ ಹೊತ್ತಿಗೆ ಕೋಟೆ ಬೀದಿಯ ನಂಜಮ್ಮಜ್ಜಿ ಬಂತು. ಅಜ್ಜಿಗೆ ಈಗ ಯಾರೂ ಇಲ್ಲ. ಮಗ, ಸೊಸೆ, ಮೊಮ್ಮಗು, ಎಲ್ಲರನ್ನೂ ದಿಣ್ಣೆಯ ಮೇಲೇ ಬಿಟ್ಟು ಬಂದದ್ದು. ಸೊಂಟದ ಮೇಲೊಂದು ಕುಡಿಕೆ. ಹೊಸದಲ್ಲ, ಹಳೆಯದು, ಮಸಿ ಹಿಡಿದ ಕತ್ತಿನಲ್ಲಿ ಗೌರಿ ಎಳೆದ ನೆಟ್ಟನೆಯ ಗೆರೆ. ಬಾಯಿ ತನಕ ರಾಗಿ. ತುಂಬಿ ಮಿಕ್ಕದ್ದು ಸೆರಗಿನ ಗಂಟಿನಲ್ಲಿ.

“ಮಡಕೆಗೆ ಸೂಜಿ ಚುಚ್ದೋನು ನೀನೇನ್ಲಾ?” ಅಂತು. “ನಿನ್ ಮಕಕ್ಕೆ ಚುಚ್ಬೇಕಿತ್ತು.”

“ಇದನ್ನ ಯಾಕಜ್ಜಿ ಒಡೀಲಿಲ್ಲ?” ಎಂದು ಕೇಳಿದೆ.

“ನಮ್ಮನೇವೆಲ್ಲಾ ಒಡ್ದಾಕಿವ್ನಿ. ಇದು ನಂದಾ? ನಿಮ್ದು ಕಣ್ಲಾ. ಇನ್ನೊಬ್ರ ಮಡಕೆ ಒಡೆಯಾಕೆ ನಾನ್ಯಾರು?”

“ಅಲ್ಲಜ್ಜಿ, ನಾವು ಬರ್ತಾನೇ ಇರಲಿಲ್ಲ. ಯಾರಿಗೆ ಅಂತ ಹಾಕ್ತಿದ್ದೆ?”

“ನೀವ್ ಬರ್ನಿಲ್ಲ ಅಂತ ಕೈಗೆ ಯಾರ್ ಯೋಳವ್ರು? ವಲೆ ಮುಂದೆ ಕೂತ್ರೆ ಅದು ತನ್ನಷ್ಟಕ್ಕೆ ಒಂದ್ ಹಿಡಿ ಎತ್ತಿಡ್ತದೆ. ಸೊಸೆ ಓದ ದಿನಾನೂ ಎತ್ತಿಡ್ತು. ಈಗ ಒಬ್ಳೇ ಅಂತ ಬುಟ್ಬುಟ್ರೆ, ಒಬ್ಳೇ ಆದಂಗೇ ಅಲ್ವೇನ್ಲಾ?”

ಹೀಗೆಂದು ಜಗಲಿಯ ಮೇಲೆ ಕಾಲು ಚಾಚಿ ಕೂತು, ಮೊರ ತರಿಸಿಕೊಂಡು, ರಾಗಿಯಲ್ಲಿ ಬಿದ್ದಿದ್ದ ಹುಳ ಆರಿಸತೊಡಗಿತು. ಹೊಳೆಗೆ ಹೋಗುವ ಹೆಂಗಸರ ದಾರಿ ಅದೇ. ಹೋಗುವಾಗ ನೋಡಿದರು, ಬರುವಾಗ ನಿಂತು ನೋಡಿದರು. ಅಜ್ಜಿ ತಲೆ ಎತ್ತಲಿಲ್ಲ. ಒಬ್ಬಾಕೆ ಕೊಡ ಇಳಿಸಿ, ಬೋರಲಿದ್ದ ಕುಡಿಕೆಯೊಂದನ್ನು ನೆಟ್ಟಗೆ ಮಾಡಿ ಒಳಗೆ ಇಣುಕಿ, ಸೆರಗಿನ ಕೆಳಗೆ ಇಟ್ಟುಕೊಂಡು ಹೋದಳು. ದಿಣ್ಣೆಯ ಮೇಲೆ ಗೌರಿಗೆ ಕೈ ಮುಗಿದವಳೇ ಅವಳು. ಆಮೇಲೆ ಇನ್ನೊಬ್ಬಳು. ಎಲ್ಲರೂ ಬಂದರೆಂದು ಬರೆದರೆ ಕಥೆಯಾಗುತ್ತದೆ. ಬರಲಿಲ್ಲ. ಬಹಳ ಕುಡಿಕೆಗಳು ಇವತ್ತಿಗೂ ಜಗಲಿಯ ಮೇಲೆ ಬೋರಲೇ ಇವೆ. ಕೆಲವು ಮನೆಗಳಲ್ಲಿ ಹಿಡಿ ಹಾಕುವ ಕೈಯೇ ಉಳಿದಿಲ್ಲ. ಆದರೂ ಈಗ ಬರುವುದರಲ್ಲಿ ಗಂಜಿ ಕುಡಿದುಕೊಂಡು ಪರೀಕ್ಷೆ ಮುಟ್ಟಬಹುದು. ನಾನು ಹಾಸಿಗೆ ಬಿಚ್ಚಿದೆ.

ಪಂಚಾಕ್ಷರಯ್ಯನವರೂ ಒಪ್ಪಿದ್ದಾರೆ, ಒಂದು ಷರತ್ತಿನ ಮೇಲೆ. “ಧಾನ್ಯ ಬಂತು, ಸರಿ. ಬೇಯಿಸೋರು ಯಾರಪ್ಪ? ಆ ಅಡಿಗೆಮನೆಗೆ ದೊಡ್ಡವರು ಯಾರಾದರೂ ಬಂದು ಒಲೆ ಹಚ್ಚಲಿ, ಅವತ್ತೇ ಬಾಗಿಲು ತೆಗೀತೀನಿ. ಹುಡುಗರನ್ನ ನಿನ್ನ ಕೈಗೆ ಕೊಟ್ಟು ನಾನು ನಿದ್ದೆ ಮಾಡಲಾರೆ” ಅಂದರು. ಇದರಲ್ಲಿ ಅವರ ತಪ್ಪಿಲ್ಲ. ಒಂದು ದಿನ ನಾನೇ ಮುದ್ದೆ ಕಟ್ಟಿದ್ದೆ. ಉಂಡ ಹುಡುಗರ ಕಣ್ಣಲ್ಲಿ ನೀರು ಬಂದದ್ದು ದುಃಖಕ್ಕಲ್ಲವೆಂದು ಎಲ್ಲರಿಗೂ ಗೊತ್ತಾಯಿತು. ರುದ್ರಯ್ಯನನ್ನು ಹುಡುಕಿಕೊಂಡು ದುದ್ದಕ್ಕೆ ಹೋಗಿ ಬಂದೆ. ಅವನು, “ಬೇಕಾದ್ರೆ ಸುಡುಗಾಡಲ್ಲಿ ಅಡಿಗೆ ಮಾಡ್ತೀನಿ, ಆ ವಲೆ ಮುಂದೆ ಮಾತ್ರ ಕೂರಾಕಿಲ್ಲ ಕಣಪ್ಪ” ಅಂದುಬಿಟ್ಟ. ನಂಜಮ್ಮಜ್ಜಿಗೆ ಕೈ ನಡುಗುತ್ತದೆ, ತಪ್ಪಲೆ ಇಳಿಸಲಾರದು. ಬೇರೆ ಯಾರನ್ನು ಕೇಳಿದರೂ ಅದೇ ಮಾತು: ಇಲಿ ಬಿದ್ದ ಒಲೆ.

ಅವ್ವ, ಆ ಒಂದು ಇದೇ. ನೀನು ಬರುತ್ತೀಯಾ?

‘ಆ ಊರ ನೀರೂ ಬ್ಯಾಡ ನಂಗೆ’ ಎಂದು ನೀನು ಟ್ರಂಕಿನ ಮೇಲೆ ಕೈಯಿಟ್ಟುಕೊಂಡು ಹೇಳಿದ್ದು ನನಗೆ ನೆನಪಿದೆ. ನಿನ್ನ ಮಗನನ್ನು ತಿಂದ ಊರಿಗೆ ಬಂದು, ಅದೇ ಊರಿನ ಅಕ್ಕಿಯನ್ನು ಅದೇ ಒಲೆಯ ಮೇಲೆ ಬೇಯಿಸಿ ಇನ್ನೊಬ್ಬರ ಮಕ್ಕಳಿಗೆ ಹಾಕು ಎಂದು ಕೇಳುತ್ತಿದ್ದೇನೆ. ಇದನ್ನು ಯಾವ ರೀತಿ ತಿರುಗಿಸಿ ಬರೆದರೂ ತಮಾಷೆಯಾಗುತ್ತಿಲ್ಲ. ನಾಲ್ಕು ಹಾಳೆ ಹರಿದೆ. ನಿನ್ನ ಅಪ್ಪಣೆ ಇಲ್ಲೊಂದು ಕಡೆ ಮುರಿದಿದ್ದೇನೆ, ಮನ್ನಿಸಬೇಕು. ಬರುವುದಿಲ್ಲವೆಂದರೆ ಅದಕ್ಕೆ ಕಾರಣ ಹೇಳುವ ಅಗತ್ಯವಿಲ್ಲ. ನಾನು ತೆಂಗಿನಕಾಯಿ ಚೆನ್ನಾಗಿ ಸುಲಿಯುತ್ತೇನೆ.

ಅಡಿಗೆಮನೆಗೆ ಮೂರು ಸಲ ಸುಣ್ಣ ಹೊಡೆದಿದ್ದೇವೆ. ಹಳೆಯ ಒಲೆ ಕಿತ್ತು ಹೊಸದು ಹಾಕಿದ್ದೇವೆ. ನಾನು ಹಾಕಿದ್ದಾದ್ದರಿಂದ ಸ್ವಲ್ಪ ವಾಲಿದೆ.

ಇಂತು, ಪ್ರಜೆಗಳಿಲ್ಲದ ರಾಜ್ಯದ ದಿವಾನ,
ನಿನ್ನ ಮನೆಯ ಮುದ್ದೆಯ ಋಣದಲ್ಲಿರುವ
ಪಾಲಾಕ್ಷ

ಮರೆತಿದ್ದು: ಷಡಕ್ಷರಿ ಮೇಷ್ಟರೇ, ತಾವು ಓದುವುದು ಇಲ್ಲಿಗೆ ಮುಗಿಯಿತು. ಕಾಗದವನ್ನು ಅವ್ವನ ಕೈಗೆ ಕೊಡಿ. ಮುಂದಿನದನ್ನು ದಪ್ಪ ಅಕ್ಷರದಲ್ಲಿ, ಒತ್ತಕ್ಷರ ಆದಷ್ಟು ಕಡಿಮೆ ಮಾಡಿ ಬರೆದಿದ್ದೇನೆ. ದಸರೆಯ ರಜದಲ್ಲಿ ಗೌರಿ ಹೇಳಿಕೊಟ್ಟಷ್ಟರಲ್ಲಿ ಅವಳೇ ಓದಿಕೊಳ್ಳುತ್ತಾಳೆ.

ಅವ್ವ,
ನಾನು ಟ್ರಂಕು ತಂದ ದಿನ ನೀನು ಅಡಿಗೆಗೆ ಕೂತೆ. ಮೊರಕೆ ಅಕ್ಕಿ ಸುರಿದೆ. ಒಂದು ಹಿಡಿ ತೆಗೆದು ಗೋಡೆ ಬದಿಯ ಕುಡಿಕೆಗೆ ಹಾಕಿದೆ. ನಾನು ನೋಡಿದೆ. ನೋಡದ ಹಾಗೆ ಸೂರು ನೋಡುತ ಕೂತೆ.
ಆ ಕುಡಿಕೆ ಗೌರಿ ತಂದುದು. ಅವನು ಹೋದ ಮೇಲೂ ನೀನು ಹಾಕುತ ಇರುವೆ. ಯಾರಿಗೆ ಎಂದು ನಾನು ಕೇಳಲಿಲ್ಲ.
ಈ ಸೋಮವಾರ ನಾನು ಬರುವೆ. ಅವನ ಚೀಲವ ಬಿಸಿನೀರಲಿ ಕುದಿಸಿ ಒಣಗಿಸಿರುವೆ. ಅದನೇ ತರುವೆ.
ನೀನು ಬರದೆ ಹೋದರೂ ಆ ಕುಡಿಕೆ ಕೊಡು. ಅದು ನಮದು.